ಮಕ್ಕಳ ತರಗತಿಗೆ ತಕ್ಕ ಉಡುಪು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಉಣ್ಣುವುದು ನಮ್ಮ ನಾಲಗೆಗೆ ಒಪ್ಪಬೇಕು, ಉಡುವುದು ನೋಡುವವರ ಕಣ್ಣಿಗೆ ಒಪ್ಪಬೇಕು ಎಂಬುದು ಇದರ ತಾತ್ಪರ್ಯ. ಆದರೆ ಆ ‘ಪರರು’ ಮೂರು ನಾಲ್ಕು ವರ್ಷದ ಮಕ್ಕಳಾದರೆ ಆಗೇನು ಮಾಡಬೇಕು? ಅವರು ಉಡುಪನ್ನು ಕಣ್ಣಿನಿಂದ ಮಾತ್ರ ನೋಡುವವರಲ್ಲ. ಕೈಯಿಂದ ಹಿಡಿದು, ಎಳೆದು, ಅದಕ್ಕೆ ಮೂಗನ್ನು ಒರಸಿ, ಕೆಲವು ವೇಳೆ ಬಾಯಿಗೂ ಇಟ್ಟು ಪರೀಕ್ಷಿಸುವವರು. ಇಂತಹ ಪರೀಕ್ಷಕರ ಮುಂದೆ ಏನನ್ನು ಉಟ್ಟುಕೊಂಡು ಹೋಗಬೇಕೆಂಬುದು ಮೇಲ್ನೋಟಕ್ಕೆ ಕ್ಷುಲ್ಲಕವಾದ ಪ್ರಶ್ನೆಯಂತೆ ತೋರಬಹುದು. ಸ್ವಲ್ಪ ವಿಚಾರಮಾಡಿದರೆ, ನಾವು ಪಾಠಪುಸ್ತಕದಲ್ಲಿ ಓದುವ ಘರ್ಷಣೆ, ಒತ್ತಡ, ಬಾಷ್ಪೀಭವನ, ಕೇಶಾಕರ್ಷಣ ಮುಂತಾದ ತತ್ತ್ವಗಳೆಲ್ಲ ಈ ಚಿಕ್ಕ ಪ್ರಶ್ನೆಯ ಸುತ್ತ ಬಂದು ನಿಲ್ಲುವುದು ಕಾಣುತ್ತದೆ.

ಈ ಪ್ರಶ್ನೆ ನಮ್ಮ ವಿದ್ಯಾರ್ಥಿಗಳಿಗೆ ಸಂಬಂಧಿಸಿದುದೇ ಆಗಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಆರಂಭವಾಯಿತು. ಈಗ ಊರೂರಿನಲ್ಲಿಯೂ ಅಂಗನವಾಡಿಗಳುಂಟು. ಮೂರರಿಂದ ಆರು ವರ್ಷದ ಮಕ್ಕಳು ಅಲ್ಲಿ ಆಡುತ್ತ ಕಲಿಯುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯಲ್ಲಿಯೂ ಕಿರಿಯ ತರಗತಿಯ ಮಕ್ಕಳು ಸಾಲು ಬೆಂಚುಗಳನ್ನು ಬಿಟ್ಟು ಗುಂಪು ಗುಂಪಾಗಿ ಕುಳಿತು ಕಲಿಯುವರು. ಇತ್ತ, 1969ರಲ್ಲಿ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸೇರಿದ ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆಗಳನ್ನು ಸಮಾಜಸೇವೆಗೆ ಮೀಸಲಿಡಬೇಕು. ಆ ಗಂಟೆಗಳಲ್ಲಿ ಕೆಲವನ್ನು ಮಕ್ಕಳ ನಡುವೆ ಕಳೆಯುವ ತರುಣ ತರುಣಿಯರು ಅನೇಕರಿದ್ದಾರೆ. ನಾನೂ ಪದವಿಯ ಎರಡನೆಯ ವರ್ಷದಲ್ಲಿ ಹಾಗೆ ಹೋದವನು.

ಅದು ಏಳು ದಿನಗಳ ಶಿಬಿರ. ಮೊದಲನೆಯ ದಿನ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿಯ ಅಂಗಿಯನ್ನೂ, ಮೈಗಂಟಿದ ಷರಾಯಿಯನ್ನೂ ತೊಟ್ಟು ಹೋಗಿದ್ದೆ. ಷರಾಯಿಯ ದೆಸೆಯಿಂದ ನೆಲದ ಮೇಲೆ ಕೂಡಲಾರದೆ ಗೋಡೆಗೆ ಒರಗಿ ನಿಂತಿದ್ದೆ. ಮಕ್ಕಳು ಹಸಿ ಜೇಡಿಮಣ್ಣಿನಿಂದ ಎತ್ತುಗಳನ್ನು ಮಾಡುತ್ತಿದ್ದರು. ನಾಲ್ಕು ವರ್ಷದ ಹುಡುಗಿಯೊಬ್ಬಳು ತಾನು ಮಾಡಿದ ಎತ್ತನ್ನು ಎರಡು ಕೈಗಳಲ್ಲಿಯೂ ಹಿಡಿದು, ನನಗೆ ತೋರಿಸಲೆಂದು ಓಡಿಬಂದಳು. ನಾನು ಅರಿಯದೆಯೇ ಅರ್ಧ ಹೆಜ್ಜೆ ಹಿಂದಕ್ಕೆ ಸರಿದೆ. ಅವಳು ನಿಂತಳು, ತನ್ನ ಕೈಗಳನ್ನೊಮ್ಮೆ ನೋಡಿಕೊಂಡಳು, ಅವುಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ತನ್ನ ಗುಂಪಿಗೆ ಮರಳಿದಳು. ಆ ದಿನವೆಲ್ಲ ಅವಳು ನನ್ನ ಹತ್ತಿರ ಸುಳಿಯಲಿಲ್ಲ. ಅಂಗಿಯೇನೋ ಬೆಳ್ಳಗೆ ಉಳಿಯಿತು.

ಮಗುವನ್ನು ಹಿಂದಕ್ಕೆ ಸರಿಸಬೇಕೆಂಬ ಇಚ್ಛೆ ನನಗಿರಲಿಲ್ಲ. ಆ ಕೆಲಸವನ್ನು ನನ್ನ ಅಂಗಿಯೇ ಮಾಡಿಸಿತು. ಆದುದರಿಂದ ಮಕ್ಕಳ ತರಗತಿಗೆ ತಕ್ಕ ಉಡುಪಿನ ಲಕ್ಷಣವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಅಲ್ಲಿರುವಷ್ಟು ಹೊತ್ತು ಅದರ ನೆನಪೇ ನಮಗೆ ಬರಬಾರದು. ಅಂತಹ ಉಡುಪನ್ನು ಆರಿಸುವ ಬಗೆಯನ್ನು ಈಗ ಒಂದೊಂದಾಗಿ ವಿಚಾರಿಸೋಣ.

ನೆಲದ ಮೇಲೆ ಕೂಡುವುದು

ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ನೆಲದ ಮೇಲೆ ಕುಳಿತ ಮಗುವಿನ ಕಣ್ಣು ನೆಲದಿಂದ ಸುಮಾರು 50 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ಅದರ ಎದುರಿಗೆ ಒಂದು ಮೀಟರು ದೂರದಲ್ಲಿ ನಿಂತವನ ಕಣ್ಣು 160 ಸೆಂಟಿಮೀಟರು ಎತ್ತರದಲ್ಲಿದೆಯೆಂದು ಭಾವಿಸಿ. ಎತ್ತರದ ಅಂತರ 110 ಸೆಂಟಿಮೀಟರು. ಮಗುವು ಸುಮಾರು 48 ಡಿಗ್ರಿ ಮೇಲಕ್ಕೆ ನೋಡಬೇಕಾಗುತ್ತದೆ. ನಾವು ಮನೆಯ ಮಾಳಿಗೆಯ ಅಂಚಿನಲ್ಲಿರುವವರೊಡನೆ ಕತ್ತೆತ್ತಿ ಮಾತನಾಡುವಂತೆಯೇ ಇದು. ನಿಂತವನು ಚಕ್ಕಳಮಕ್ಕಳ ಹಾಕಿ ಕುಳಿತರೆ ಅವನ ಕಣ್ಣು 75 ಸೆಂಟಿಮೀಟರಿಗೆ ಇಳಿಯುತ್ತದೆ. ಕೋನವು 14 ಡಿಗ್ರಿಗೆ ಕುಗ್ಗುತ್ತದೆ. ಮಗುವಿನೊಡನೆ ಮಾತನಾಡಬೇಕಾದರೆ ಕೂಡಲೇಬೇಕೆಂಬುದು ಇದರಿಂದ ಸ್ಪಷ್ಟ. ಒಂದು ಹೊತ್ತಿನಲ್ಲಿ ಹತ್ತಾರು ಸಲ ಕೂತು ಏಳಬೇಕು, ಕುಕ್ಕರಗಾಲಿನಲ್ಲಿ ಕೂಡಬೇಕು, ಮೊಣಕಾಲೂರಬೇಕು.

ಆಗ ಬಟ್ಟೆಯ ಮೇಲೆ ಏನಾಗುತ್ತದೆ? ಒಂದು ದಾರವನ್ನು ತೆಗೆದುಕೊಂಡು, ನಿಂತಿರುವಾಗ ತೊಡೆಯ ನಡುವಿನಿಂದ ಮಂಡಿಯ ಮುಂಭಾಗದ ಮೇಲೆ ಹಾಯಿಸಿ ಮೀನಖಂಡದ ಮಟ್ಟದವರೆಗೆ ಅಳೆಯಿರಿ. ಅದೇ ಎರಡು ಗುರುತುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತಾಗ ಮತ್ತೊಮ್ಮೆ ಅಳೆಯಿರಿ. ದಾರವು ಹಲವು ಸೆಂಟಿಮೀಟರು ಸಾಲದೆ ಬರುವುದು. ಚರ್ಮವು ಹಿಗ್ಗಿ ಈ ಕೊರತೆಯನ್ನು ತುಂಬುತ್ತದೆ. ಬಟ್ಟೆಯೂ ಹಿಗ್ಗಬೇಕು, ಇಲ್ಲವೇ ಸಡಿಲವಾಗಿದ್ದು ಜಾರಬೇಕು. ಮಗ್ಗದಲ್ಲಿ ನೆಯ್ದ ಬಟ್ಟೆಯಲ್ಲಿ ಹಾಸು ಹೊಕ್ಕಿನ ಎಳೆಗಳು ಬಹುಮಟ್ಟಿಗೆ ನೇರವಾಗಿರುತ್ತವೆ. ಎಳೆಯ ದಿಕ್ಕಿನಲ್ಲಿಯೇ ಜಗ್ಗಿದರೆ ಅವು ಹೆಚ್ಚು ಹಿಗ್ಗವು. ಅದೇ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಚೌಕಗಳು ವಾಲಿಕೊಂಡು ಬಟ್ಟೆ ಸುಲಭವಾಗಿ ಹಿಗ್ಗುವುದನ್ನು ಕರವಸ್ತ್ರದಲ್ಲಿ ಕಾಣಬಹುದು. ಬನಿಯನ್ನಿನಂತೆ ಹೆಣೆದ ಬಟ್ಟೆಯಲ್ಲಾದರೋ ಎಳೆಗಳು ಕುಣಿಕೆಗಳಾಗಿರುತ್ತವೆ. ಕುಣಿಕೆಯ ಆಕಾರ ಬದಲಾಗುವುದರಿಂದ ಬಟ್ಟೆಯು ಯಾವ ಕಡೆಗಾದರೂ ಹಿಗ್ಗುತ್ತದೆ.

ಆದಕಾರಣ ಬಿಗಿಯಾದ ನೆಯ್ಗೆಯ ಷರಾಯಿ ಈ ಕೆಲಸಕ್ಕೆ ಒಗ್ಗದು. ಸಡಿಲವಾದ ಪೈಜಾಮ, ಸಲ್ವಾರ್, ಅಥವಾ ಹೆಣೆದ ಬಟ್ಟೆಯ ಷರಾಯಿ ಒಳ್ಳೆಯದು. ಪೈಜಾಮದ ಕಾಲುಗಳು ಕೂಡುವೆಡೆಯಲ್ಲಿ ಹಳೆಯ ದರ್ಜಿಗಳು ಇಡುತ್ತಿದ್ದ ಚೌಕದ ತುಂಡು ಅಲಂಕಾರಕ್ಕಲ್ಲ. ಕುಳಿತಾಗ ಹೊಲಿಗೆಯ ಮೇಲೆ ಬೀಳುವ ಸೆಳೆತವನ್ನು ಅದು ನಾಲ್ಕು ಕಡೆಗೂ ಹಂಚುತ್ತದೆ. ಸೀರೆ ಉಡುವವರು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಬೇಕು. ಕೆಲಸಕ್ಕೆ ಸಿದ್ಧರಾಗುವುದನ್ನು ‘ಟೊಂಕ ಕಟ್ಟುವುದು’ ಎಂದು ನಮ್ಮ ಹಿರಿಯರು ಕರೆದುದು ಅನುಭವದಿಂದಲೇ ಅಲ್ಲವೆ?

ಬೆವರು ಮತ್ತು ಬಟ್ಟೆ

ಮಕ್ಕಳ ಕೊಠಡಿ ಚಿಕ್ಕದು, ಜನ ಹೆಚ್ಚು. ವಿಶ್ರಾಂತಿಯಲ್ಲಿರುವ ವಯಸ್ಕನ ದೇಹವೇ ಸುಮಾರು 100 ವಾಟ್‌ಗಳಷ್ಟು ಶಾಖವನ್ನು ಹೊರಬಿಡುತ್ತದೆ. ಬೇಸಗೆಯಲ್ಲಿ ರಾಯಚೂರು, ಕಲಬುರಗಿಗಳ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ದಾಟಿದಾಗ ಸುತ್ತಲ ಗಾಳಿಯೇ ದೇಹಕ್ಕಿಂತ ಬಿಸಿಯಾಗಿರುವುದರಿಂದ, ಈ ಶಾಖವನ್ನು ಕಳೆದುಕೊಳ್ಳಲು ಉಳಿಯುವ ದಾರಿ ಬೆವರಿನ ಬಾಷ್ಪೀಭವನ ಒಂದೇ. ಒಂದು ಗ್ರಾಂ ಬೆವರು ಆರಿದರೆ ಸುಮಾರು 2,400 ಜೂಲ್ ಗುಪ್ತೋಷ್ಣವನ್ನು ಒಯ್ಯುತ್ತದೆ. ಗಂಟೆಗೆ 100 ವಾಟ್ ಎಂದರೆ 3,60,000 ಜೂಲ್. ಇದನ್ನು ಕಳೆಯಲು ಗಂಟೆಗೆ 150 ಗ್ರಾಂ ಬೆವರು ಆರಬೇಕು. ಕೆಳಗೆ ತೊಟ್ಟಿಕ್ಕಿ ಹೋದ ಬೆವರು ಲೆಕ್ಕಕ್ಕೆ ಬಾರದು. ಆರಿದುದು ಮಾತ್ರ ತಂಪು ಕೊಡುತ್ತದೆ.

ಹತ್ತಿಯ ನಾರು ಸಾಧಾರಣ ಹವೆಯಲ್ಲಿಯೇ ತನ್ನ ತೂಕದ ನೂರಕ್ಕೆ ಏಳೆಂಟು ಪಾಲು ತೇವವನ್ನು ಹಿಡಿದಿರುತ್ತದೆ. ನೈಲಾನ್ ನೂರಕ್ಕೆ ಸುಮಾರು ನಾಲ್ಕು ಪಾಲು. ಪಾಲಿಯೆಸ್ಟರ್ ಅರ್ಧ ಪಾಲಿಗಿಂತಲೂ ಕಡಮೆ. ಆದ್ದರಿಂದ ಹತ್ತಿಯು ಬೆವರನ್ನು ಮೈಯಿಂದ ಹೀರಿ ಹರಡುತ್ತದೆ. ಸಾಮಾನ್ಯ ಪಾಲಿಯೆಸ್ಟರ್ ಬಟ್ಟೆ ಮೈಗೆ ಅಂಟಿ ಜಿಗುಟುತ್ತದೆ. ಆಟಗಾರರಿಗೆಂದು ವಿಶೇಷವಾಗಿ ಹೆಣೆದ ಪಾಲಿಯೆಸ್ಟರ್ ಮಾತ್ರ ಎಳೆಗಳ ನಡುವಣ ಸಂದುಗಳ ಮೂಲಕ ಬೆವರನ್ನು ಹೊರಗೊಯ್ಯಬಲ್ಲುದು. ಉಡುಪು ಸಡಿಲವಾಗಿದ್ದರೆ ನಾವು ಅಲುಗಾಡಿದಾಗಲೆಲ್ಲ ಒಳಗಿನ ತೇವದ ಗಾಳಿ ಹೊರಹೋಗಿ ಒಣ ಗಾಳಿ ಒಳಬರುತ್ತದೆ. ಮಂಗಳೂರಿನಂತಹ ಕರಾವಳಿಯ ಊರುಗಳಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಈ ಸಡಿಲತೆಯ ಅಗತ್ಯ ಇನ್ನೂ ಹೆಚ್ಚು.

ಬಣ್ಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಬಿಳಿಯ ಬಟ್ಟೆ ತಂಪು, ಗಾಢ ಬಣ್ಣದ್ದು ಬಿಸಿ ಎಂಬ ಮಾತು ಬಿಸಿಲಿನಲ್ಲಿ ನಿಜ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣುವ ಭಾಗವನ್ನು ಬಿಳಿಯು ಹಿಂದಿರುಗಿಸುತ್ತದೆ, ಕಪ್ಪು ಹೀರುತ್ತದೆ. ಆದರೆ ಕೊಠಡಿಯ ಒಳಗೆ ಗೋಡೆಗಳೂ ನಮ್ಮ ದೇಹಗಳೂ ಸೂಸುವ ಶಾಖದ ಅಲೆಗಳು ಬೇರೆ. ಅವುಗಳ ಅಲೆಯುದ್ದ ಒಂದು ಮಿಲಿಮೀಟರಿನ ಸುಮಾರು ನೂರರಲ್ಲೊಂದು ಪಾಲು. ಈ ಅಲೆಗಳ ಮಟ್ಟಿಗೆ ಬಿಳಿಯ ಬಟ್ಟೆಯೂ ನೀಲಿಯ ಬಟ್ಟೆಯೂ ಹೆಚ್ಚುಕಡಮೆ ಒಂದೇ. ಆದುದರಿಂದ ಒಳಾಂಗಣದ ಕೆಲಸಕ್ಕೆ ಬಣ್ಣವನ್ನು ಶಾಖದ ದೃಷ್ಟಿಯಿಂದ ಆರಿಸಬೇಕಾಗಿಲ್ಲ. ಕಲೆಯ ದೃಷ್ಟಿಯಿಂದ ಆರಿಸಬಹುದು.

ಕಲೆಯ ಭಯ

ನನ್ನನ್ನು ಅರ್ಧ ಹೆಜ್ಜೆ ಹಿಂದಕ್ಕೆ ತಳ್ಳಿದುದು ಈ ಭಯವೇ. ಕಲೆಯೆಂದರೇನೆಂಬುದನ್ನು ಅರಿತರೆ ಭಯ ಅರ್ಧ ಕಳೆಯುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಬಟ್ಟೆಯ ಎಳೆಗಳ ನಡುವಣ ಸೂಕ್ಷ್ಮ ನಾಳಗಳಲ್ಲಿ ದ್ರವವು ಕೇಶಾಕರ್ಷಣದಿಂದ ಹರಿಯುತ್ತದೆ. ತನ್ನೊಡನೆ ಬಣ್ಣವನ್ನೂ ಕಣಗಳನ್ನೂ ಒಳಕ್ಕೊಯ್ಯುತ್ತದೆ. ಸೀಮೆಸುಣ್ಣದ ಪುಡಿ ಒಣಗಿದ್ದರೆ ಒಳಹೋಗುವುದಿಲ್ಲ, ಕೊಡವಿದರೆ ಸಾಕು. ಹಸಿ ಜೇಡಿಮಣ್ಣನ್ನು ಆಗಲೇ ಉಜ್ಜಿದರೆ ಅದರ ನವುರಾದ ಕಣಗಳು ನಾರುಗಳ ನಡುವೆ ಇನ್ನೂ ಆಳಕ್ಕೆ ಹೋಗುತ್ತವೆ. ಅದನ್ನು ಒಣಗಲು ಬಿಟ್ಟು, ಕೆರೆದು ಕೊಡವಿ, ಅನಂತರ ಒಗೆಯುವುದೇ ಕ್ರಮ. ಮೇಣದ ಬಣ್ಣದ ಕಡ್ಡಿಯ ಗುರುತು ಬಿದ್ದರೆ ಮೇಲೂ ಕೆಳಗೂ ಹೀರುಕಾಗದವನ್ನಿಟ್ಟು ಇಸ್ತ್ರಿಪೆಟ್ಟಿಗೆಯನ್ನು ಆಡಿಸಬೇಕು. ಕರಗಿದ ಮೇಣವನ್ನು ಅದೇ ಕೇಶಾಕರ್ಷಣವು ಕಾಗದಕ್ಕೆ ಎಳೆಯುತ್ತದೆ. ಕಲೆಯನ್ನು ಮಾಡಿದ ತತ್ತ್ವವೇ ಅದನ್ನು ತೆಗೆಯುವುದಕ್ಕೂ ಬರುತ್ತದೆ!

ಊಟದ ಹೊತ್ತಿನಲ್ಲಿ ತಗಲುವ ಅರಿಸಿನದ ಕಲೆ ಸಾಬೂನು ಸೋಂಕಿದೊಡನೆ ಕೆಂಪಾಗುತ್ತದೆ. ಗಾಬರಿಪಡಬೇಕಾಗಿಲ್ಲ, ಅರಿಸಿನದ ವರ್ಣದ್ರವ್ಯವು ಕ್ಷಾರದಲ್ಲಿ ಕೆಂಪಾಗುವುದು ಅದರ ಸ್ವಭಾವ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವಿದರೆ ಬೆಳಕೇ ಅದನ್ನು ಕ್ರಮೇಣ ಮಾಸಿಸುತ್ತದೆ. ಒಟ್ಟಿನಲ್ಲಿ ಹಲವು ಸಲ ಒಗೆದು ಮೆತ್ತಗಾದ, ಮಧ್ಯಮ ಬಣ್ಣದ, ಚಿಕ್ಕ ಚಿತ್ತಾರದ ಹತ್ತಿಯ ಅಂಗಿ ಅಥವಾ ಕುರ್ತಾ ಎಲ್ಲಕ್ಕಿಂತ ಮೇಲು. ತೋಳು ಮೊಣಕೈಯವರೆಗೆ ಮಡಿಸಲು ಬರುವಂತಿರಬೇಕು. ಮಕ್ಕಳ ಕೈ ತೊಳೆಸುವವನು ತನ್ನ ಕೈಯನ್ನೂ ಮೇಲಿಂದ ಮೇಲೆ ತೊಳೆಯಬೇಕಲ್ಲವೆ?

ಜೋತಾಡುವ ವಸ್ತುಗಳು

ಜೋತಾಡುವುದೆಲ್ಲವೂ ಮಗುವನ್ನು ಕರೆಯುತ್ತದೆ. ಕಿವಿಯ ಲೋಲಾಕನ್ನು ಮಗುವೊಂದು ಹಿಡಿದು ಎರಡು ಕಿಲೋಗ್ರಾಂ ತೂಕದಷ್ಟು, ಎಂದರೆ ಸುಮಾರು 20 ನ್ಯೂಟನ್ ಬಲದಿಂದ ಎಳೆಯಿತೆನ್ನೋಣ. ಅಂಗೈಯ 20 ಚದರ ಸೆಂಟಿಮೀಟರುಗಳ ಮೇಲೆ ಈ ಬಲ ಬಿದ್ದರೆ ಒಂದು ಚದರ ಮಿಲಿಮೀಟರಿಗೆ ದೊರೆಯುವುದು ನ್ಯೂಟನ್ನಿನ ನೂರರಲ್ಲೊಂದು ಪಾಲು, ನೋವೇ ತಿಳಿಯದು. ಆದರೆ ಲೋಲಾಕಿನ ಕೊಕ್ಕೆಯ ತಂತಿಯ ದಪ್ಪ 0.8 ಮಿಲಿಮೀಟರು, ಕಿವಿಯ ಹಾಲೆಯ ದಪ್ಪ 4 ಮಿಲಿಮೀಟರು ಎಂದಿಟ್ಟುಕೊಂಡರೆ ಬಲವನ್ನು ಹೊರುವ ಕ್ಷೇತ್ರ 3.2 ಚದರ ಮಿಲಿಮೀಟರು ಮಾತ್ರ. ಅಲ್ಲಿ ಒತ್ತಡವು ಅಂಗೈಯ ಮೇಲಿನದಕ್ಕಿಂತ ಆರುನೂರು ಪಟ್ಟಿಗೂ ಮಿಗಿಲು! ಹಾಲೆ ಹರಿಯುವುದರಲ್ಲಿ ಆಶ್ಚರ್ಯವಿಲ್ಲ. ಕುತ್ತಿಗೆಯ ಸರ, ಗುರುತಿನ ಚೀಟಿಯ ಪಟ್ಟಿ, ಬಿಡಿಸಿ ಹೊದ್ದ ದುಪಟ್ಟಾ ಇವಕ್ಕೂ ಇದೇ ಮಾತು ಸಲ್ಲುತ್ತದೆ. ಗುರುತಿನ ಚೀಟಿ ಬೇಕೇ ಬೇಕಾದರೆ ಎಳೆದೊಡನೆ ತಾನಾಗಿ ಬಿಚ್ಚಿಕೊಳ್ಳುವ ಪಟ್ಟಿ ಉತ್ತಮ.

ಮಣಿ, ಮಿನುಗು, ಸಡಿಲವಾದ ಗುಂಡಿಗಳು ಉದುರಿ ಮಗುವಿನ ಬಾಯಿ ಸೇರುತ್ತವೆ. ಮೂರು ವರ್ಷಕ್ಕಿಂತ ಕಿರಿಯ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರು ವ್ಯಾಸದ ಒಂದು ಕೊಳವೆಯನ್ನು ಬಳಸುವರು. ಅದರೊಳಗೆ ಪೂರ್ಣವಾಗಿ ಅಡಗುವ ವಸ್ತು ಉಸಿರು ಕಟ್ಟಿಸುವ ಅಪಾಯವುಳ್ಳದ್ದೆಂದು ಎಣಿಸುತ್ತಾರೆ. ನಮ್ಮ ಉಡುಪಿನ ಮಣಿಗಳೆಲ್ಲವೂ ಈ ಪರೀಕ್ಷೆಯಲ್ಲಿ ಸೋಲತಕ್ಕವೇ. ಮಿಣುಗುವ ಪದಕಗಳಲ್ಲಿಯೂ ಕೆಲವು ಕೈಗಡಿಯಾರಗಳಲ್ಲಿಯೂ ಇರುವ ಗುಂಡಿಯಾಕಾರದ ವಿದ್ಯುತ್ಕೋಶವಂತೂ ಇನ್ನೂ ಘೋರ. ಮಗುವಿನ ಅನ್ನನಾಳದಲ್ಲಿ ಅದು ಸಿಕ್ಕಿಕೊಂಡರೆ ತೇವದ ಮೂಲಕ ವಿದ್ಯುತ್ತು ಹರಿದು, ಸ್ಥಳದಲ್ಲಿಯೇ ತೀಕ್ಷ್ಣ ಕ್ಷಾರ ಉತ್ಪನ್ನವಾಗಿ, ಎರಡು ಗಂಟೆಗಳೊಳಗೆ ನಾಳವನ್ನು ತೀವ್ರವಾಗಿ ಸುಡಬಲ್ಲುದು. ಇಂತಹವನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು.

ಅಂಗಿಯ ಎದೆಯ ಜೇಬನ್ನೂ ಬರಿದು ಮಾಡಿರಿ. ಬಗ್ಗಿದಾಗ ಜೇಬಿನ ಬಾಯಿ ಕೆಳಮುಖವಾಗುತ್ತದೆ. 200 ಗ್ರಾಂ ತೂಕದ ಮೊಬೈಲ್ ಫೋನು ಅರವತ್ತು ಸೆಂಟಿಮೀಟರು ಕೆಳಗೆ ಕುಳಿತ ಮಗುವಿನ ತಲೆಯ ಮೇಲೆ ತನ್ನ ಮೂಲೆಯಿಂದಲೇ ಬೀಳಬಹುದು. ಎಳೆಯ ಪರೀಕ್ಷಕರ ನಡುವೆ ಗುಂಡುಪಿನ್ನಿಗೆ ಸ್ಥಳವಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಬೆಂಕಿಯ ಬಳಿ

ಅನೇಕ ಅಂಗನವಾಡಿಗಳಲ್ಲಿ ಅಡುಗೆಯ ಒಲೆ ಮಕ್ಕಳ ಕೊಠಡಿಗೆ ಹತ್ತಿರದಲ್ಲಿಯೇ ಇರುತ್ತದೆ. ಸ್ವಯಂಸೇವಕರು ಬಡಿಸಲು ನೆರವಾಗುವುದೂ ಉಂಟು. ತೆಳುವಾದ ಬಟ್ಟೆಗೆ ತೂಕ ಅಲ್ಪ, ಗಾಳಿಗೆ ಒಡ್ಡಿದ ಮೈ ಬಹಳ. ಆದ್ದರಿಂದ ಬಹುಬೇಗ ಕಾಯುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಹತ್ತಿಯು ಕರಗದೆ ಉರಿಯುತ್ತದೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಯಲ್ಲಿ ಕರಗಿ, ಕಾದ ಮೇಣದಂತೆ ಚರ್ಮಕ್ಕೆ ಅಂಟಿಕೊಂಡು ಆಳವಾದ ಗಾಯ ಮಾಡುತ್ತದೆ. ಹತ್ತಿಯನ್ನು ಉಟ್ಟವರು ನಿಶ್ಚಿಂತರಾಗಿರಬಹುದೆಂದು ಮಾತ್ರ ಯಾರೂ ತಿಳಿಯಬಾರದು. ನೂಲು ಯಾವುದಾದರೇನು, ಹಾರಾಡುವ ಅಂಚು ಒಲೆಯ ಬಳಿ ಹೋಗಲಾಗದು. ದುಪಟ್ಟಾವನ್ನು ತೆಗೆದಿಡಬೇಕು, ಸೆರಗನ್ನು ಸಿಕ್ಕಿಸಬೇಕು, ಕೂದಲನ್ನು ಕಟ್ಟಬೇಕು.

ಪಾದ ಮತ್ತು ನೆಲ

ನಮ್ಮಲ್ಲಿ ಪಾದರಕ್ಷೆಯನ್ನು ಬಾಗಿಲ ಹೊರಗೆ ಬಿಡುವುದೇ ರೂಢಿ. ಕಾಲುಚೀಲ ಧರಿಸಿದವರು ಅದನ್ನು ಕಳಚದೆ ನುಣುಪಾದ ನೆಲದ ಮೇಲೆ ನಡೆಯುವುದು ಅಪಾಯಕರ. ಇದನ್ನು ಅಳೆದೇ ನೋಡಬಹುದು. ನೆಲಕ್ಕೆ ಹಾಸುವ ಒಂದು ಟೈಲಿನ ಮೇಲೆ ಕಲ್ಲು ತುಂಬಿದ ಕಾಲುಚೀಲವನ್ನಿಟ್ಟು, ಒಂದು ಅಂಚನ್ನು ಮೆಲ್ಲನೆ ಎತ್ತಿರಿ. ಚೀಲವು ಜಾರತೊಡಗಿದ ಕ್ಷಣದಲ್ಲಿ ಆ ಅಂಚು ಏರಿದ ಎತ್ತರವನ್ನು, ಅದರ ನೇರ ಕೆಳಗಿನಿಂದ ಇನ್ನೊಂದು ಅಂಚಿನವರೆಗೆ ಇರುವ ಅಡ್ಡ ದೂರದಿಂದ ಭಾಗಿಸಿದರೆ ದೊರೆಯುವುದೇ ಘರ್ಷಣಾಂಕ. ಅದೇ ಕಲ್ಲನ್ನು ರಬ್ಬರಿನ ತುಂಡಿಗೆ ಕಟ್ಟಿ ಮತ್ತೆ ಮಾಡಿ ನೋಡಿ. ಟೈಲನ್ನು ಎಷ್ಟೋ ಹೆಚ್ಚು ಎತ್ತಬೇಕಾಗುತ್ತದೆ. ಅಳುವ ಮಗುವನ್ನು ಎತ್ತಿಕೊಂಡು ಹೋಗುವಾಗ ಜಾರಿದರೆ ಬೀಳುವವರು ಇಬ್ಬರು ಎಂಬುದು ನೆನಪಿರಲಿ. ಒಳಗೆ ಬರಿಗಾಲು ಮೇಲು. ಹೊರಗಿನ ಪಾದರಕ್ಷೆಗೆ ರಬ್ಬರಿನ ಅಟ್ಟೆಯೂ ಹಿಮ್ಮಡಿಯ ಪಟ್ಟಿಯೂ ಇರಬೇಕು, ಲಾಡಿ ಬೇಡ. ಶೌಚಕ್ಕೆ ಅವಸರವಾದ ಮಗುವು ನಿಮ್ಮ ಲಾಡಿಯ ಗಂಟಿಗಾಗಿ ಕಾಯಲಾರದು.

ಉಪಸಂಹಾರ

ಹೊರಡುವ ಮುನ್ನ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿಕೊಳ್ಳಿರಿ. ಕುಕ್ಕರಗಾಲಿನಲ್ಲಿ ಕುಳಿತು, ಕೈಯೂರದೆ ಏಳಿರಿ. ಸೊಂಟದಿಂದ ಬಗ್ಗಿರಿ; ಏನಾದರೂ ಜೋತಾಡಿತೆ, ಉದುರಿತೆ ಎಂದು ನೋಡಿರಿ. ಎರಡು ಕೈಗಳನ್ನೂ ತಲೆಯ ಮೇಲೆತ್ತಿ, ಅಂಗಿ ಎಲ್ಲಿ ಬಿಗಿಯಿತೆಂದು ಗಮನಿಸಿರಿ. ಕೊನೆಯದಾಗಿ, ‘ಈ ಬಟ್ಟೆ ಇಂದು ಕೆಟ್ಟರೆ ನನಗೆ ಚಿಂತೆಯುಂಟೆ?’ ಎಂದು ಕೇಳಿಕೊಳ್ಳಿರಿ. ಉಂಟೆಂದಾದರೆ ಅದನ್ನು ಬೇರೊಂದು ದಿನಕ್ಕೆ ಇಡಿರಿ. ಹೊಸದಾಗಿ ಕೊಳ್ಳಬೇಕಾದುದು ಏನೂ ಇಲ್ಲ. ಪ್ರತಿ ಮನೆಯ ಪೆಟ್ಟಿಗೆಯ ಅಡಿಯಲ್ಲಿಯೂ ಇಂತಹ ಉಡುಪೊಂದು ಮಡಿಸಿ ಬಿದ್ದಿರುತ್ತದೆ.

ಶಿಬಿರದ ಎರಡನೆಯ ದಿನ ನಾನು ಹಳೆಯ ಪೈಜಾಮವನ್ನೂ, ಬಣ್ಣ ಮಾಸಿದ ಕುರ್ತಾವನ್ನೂ ತೊಟ್ಟು ಹೋಗಿ ನೆಲದ ಮೇಲೆ ಕುಳಿತೆ. ಉಳಿದ ಮಕ್ಕಳು ಬೇಗನೆ ಹತ್ತಿರ ಬಂದರು. ಆ ಹುಡುಗಿ ಮಾತ್ರ ಬರಲು ಐದನೆಯ ದಿನವಾಯಿತು. ಅಂದು ಅವಳು ಸ್ವಲ್ಪ ಹೊತ್ತು ದೂರದಿಂದಲೇ ನೋಡುತ್ತಿದ್ದು, ಅನಂತರ ಬಂದು, ಹಸಿ ಮಣ್ಣಿನ ಎತ್ತೊಂದನ್ನು ನನ್ನ ಮೊಣಕಾಲಿನ ಮೇಲೆ ನಿಲ್ಲಿಸಿ, ಅದಕ್ಕೆ ಕೊಂಬು ಇಡಬೇಕಾಗಿದೆ ಎಂದಳು. ಇಬ್ಬರೂ ಸೇರಿ ಇಟ್ಟೆವು. ಆ ಮಣ್ಣಿನ ಗುರುತು ಒಂದೇ ಒಗೆತಕ್ಕೆ ಹೋಯಿತು.